ಹದಿನೈದನೇ ಹಲ್ಲು

ಮೋಟಾರ್ ಸೈಕಲ್ಲಿನ ಚೈನ್ ಎಳೆಯುವ ಮುಂದಿನ ಸ್ಪ್ರಾಕೆಟ್ಟಿಗೆ ಎಷ್ಟು ಹಲ್ಲು ಇವೆಯೆಂದು ನಮ್ಮಲ್ಲಿ ಹೆಚ್ಚಿನವರು ಎಣಿಸಿ ನೋಡಿರುವುದಿಲ್ಲ. ನಾವೂ ನೋಡಿರಲಿಲ್ಲ. ನಲವತ್ತು ದಾಟಿದ ಮೇಲೆ ಬಾಯೊಳಗಿನ ಹಲ್ಲುಗಳ ಲೆಕ್ಕವೇ ತಪ್ಪತೊಡಗಿರುವಾಗ ಗಾಡಿಯ ಹಲ್ಲು ಎಣಿಸುವ ಪುರುಸೊತ್ತು ಯಾರಿಗಿದೆ? ಆದರೆ 2022ರ ಬೇಸಗೆಯಲ್ಲಿ ಗ್ಯಾರೇಜಿನ ಮರದ ಸ್ಟೂಲಿನ ಮೇಲೆ ಕುಳಿತು ನಾವು ಅದನ್ನೂ ಎಣಿಸಿದೆವು. ಮುಂದಿನದಕ್ಕೆ 14, ಹಿಂದಿನದಕ್ಕೆ 42.

ಆ ವರ್ಷದ ಜನವರಿಯಲ್ಲಿ ನಮ್ಮ ಅಮ್ಮಿ ನಲ್ಲಿಯ ಬಳಿ ವುಝೂ ಮಾಡಿ ಏಳುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು. ನಮ್ಮ ಮನೆ ಇರುವುದು ಚಿತ್ರದುರ್ಗದಲ್ಲಿ, ಕೋಟೆಯ ಕಡೆಗೆ ಏರುವ ಓಣಿಯೊಂದರಲ್ಲಿ. ಬಾಗಿಲಿಗೆ ಬರಲು ಒಂಬತ್ತು ಮೆಟ್ಟಿಲು ಹತ್ತಬೇಕು. ವಾಕರ್ ಹಿಡಿದು ನಡೆಯುವವರಿಗೆ ಅಲ್ಲಿ ಬದುಕಲು ಸಾಧ್ಯವಿರಲಿಲ್ಲ. ದಾವಣಗೆರೆಯಲ್ಲಿರುವ ನಮ್ಮ ಆಪಾ ಬಂದು, "ನೆಲಮಟ್ಟದ ಮನೆ ನನ್ನದು, ಅಮ್ಮಿ ನನ್ನ ಹತ್ತಿರ ಇರಲಿ" ಎಂದು ಕರೆದುಕೊಂಡು ಹೋದರು. ಅಂದಿನಿಂದ ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವು ಹೊರಡುವುದು, ಭಾನುವಾರ ಸಂಜೆ ಮರಳುವುದು ರೂಢಿಯಾಯಿತು. ಹೋಗಲು ಸುಮಾರು 60 ಕಿಲೋಮೀಟರ್, ಬರಲು ಅಷ್ಟೇ.

ಬಸ್ಸುಗಳಿಲ್ಲವೇ ಎಂದು ಕೇಳುವಿರಿ. ಬೇಕಾದಷ್ಟಿವೆ. ಆದರೆ ಬಸ್ಸಿನಲ್ಲಿ ಹೋದರೆ ಇಳಿದ ಮೇಲೆ ಆಟೋ, ಆಪಾನ ಬಡಾವಣೆಯಿಂದ ಔಷಧದ ಅಂಗಡಿಗೆ ಮತ್ತೊಂದು ಆಟೋ. ನಿಜ ಹೇಳಬೇಕೆಂದರೆ ಅದು ನೆಪ. ವಾರವಿಡೀ ಮಕ್ಕಳ ಗದ್ದಲದಲ್ಲಿರುವವರಿಗೆ ಹೆದ್ದಾರಿಯ ಆ ಒಂದೂಕಾಲು ಗಂಟೆಯ ಏಕಾಂತ ಬೇಕಾಗಿತ್ತು. ಆ ವರ್ಷ ಬರೆದ ಎರಡು ಕಥೆಗಳ ಮೊದಲ ಸಾಲು ಹೊಳೆದದ್ದು ಭರಮಸಾಗರದ ಆಸುಪಾಸಿನಲ್ಲೇ.

ಏಕಾಂತವೇನೋ ಸಿಕ್ಕಿತು, ಆದರೆ ಗಾಡಿ ಸುಮ್ಮನಿರಬೇಕಲ್ಲ. ಅದು 100 ಸಿಸಿಯದು, ನಾಲ್ಕೇ ಗೇರು. 2005ರಲ್ಲಿ ಉರ್ದು ಶಾಲೆಯಿಂದ ನಿವೃತ್ತರಾದಾಗ ಅಬ್ಬಾ ಕೊಂಡದ್ದು. ಅದಕ್ಕೆ ಮೊದಲು ಅವರ ಬಳಿ ಇದ್ದದ್ದು ಯೆಜ್ದಿ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ, ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದೆ ಮಡಿಸಿ ಗೇರು ಹಾಕುವ ಗಾಡಿ. ಅದು 250 ಸಿಸಿ. ಎಂಜಿನ್ ದೊಡ್ಡದು, ಹೊಟ್ಟೆಯೂ ದೊಡ್ಡದು. ಪೆಟ್ರೋಲಿನ ದರ ನೋಡಿ ಅಬ್ಬಾ ಅದನ್ನು ಮಾರಿ ಈ ಸಣ್ಣ ಗಾಡಿಗೆ ಬಂದರು. ಅವರು ತೀರಿಕೊಂಡ ಮೇಲೆ ಆರ್.ಸಿ. ನಮ್ಮ ಹೆಸರಿಗೆ ಆಯಿತು. ವಾರದ ಐದಾರು ದಿನ ಅದನ್ನು ಓಡಿಸುವವನು ಮಾತ್ರ ನಮ್ಮ ತಮ್ಮ. ಅವನದು ಮೊಟ್ಟೆಯ ವ್ಯಾಪಾರ. ಹಿಂದಿನ ಸೀಟಿನ ಮೇಲೆ ಟ್ರೇಗಳನ್ನು ಒಂದರ ಮೇಲೊಂದು ಕಟ್ಟಿಕೊಂಡು ಊರಿನ ಕಿರಾಣಿ ಅಂಗಡಿ, ಎಗ್ ರೈಸ್ ಗಾಡಿಗಳಿಗೆಲ್ಲ ಹಂಚಿ ಬರುತ್ತಾನೆ.

ಊರೊಳಗೆ ಆ ಗಾಡಿಯಷ್ಟು ಸಾಧು ಮತ್ತೊಂದಿಲ್ಲ. ಹೆದ್ದಾರಿಯಲ್ಲಿ ಕಥೆ ಬೇರೆ. ಹಿಂದೆ ನಾಲ್ಕನೇ ನಂಬರಿನದಾಗಿದ್ದು ಈಗ 48 ಆಗಿರುವ ಆ ರಸ್ತೆ ನುಣ್ಣಗೆ, ಅಗಲವಾಗಿ ಮಲಗಿರುತ್ತದೆ. ಲಾರಿ, ಬಸ್ಸು, ಕಾರು ಎಲ್ಲವೂ ನಮ್ಮನ್ನು ಸವರಿಕೊಂಡೇ ಹೋಗುತ್ತವೆ. ನಲವತ್ತೈದರಲ್ಲಿ ಹೋದರೆ ಹಿಂದಿನಿಂದ ಬರುವ ಲಾರಿಯ ಹಾರ್ನು ಬೆನ್ನಿಗೆ ಗುದ್ದಿದಂತಾಗುತ್ತದೆ. ಅದಕ್ಕೆಂದು ಅರವತ್ತೈದಕ್ಕೆ ಏರಿಸಿದರೆ ಎಂಜಿನ್ ಕಿರುಚತೊಡಗುತ್ತದೆ. ನಾಲ್ಕನೇ ಗೇರಿನಲ್ಲಿದ್ದರೂ ಇನ್ನೊಂದು ಗೇರು ಉಳಿದಿದೆಯೇನೋ ಎಂದು ಕಾಲು ತಾನಾಗಿ ಲಿವರ್ ಹುಡುಕುತ್ತದೆ. ಹ್ಯಾಂಡಲ್ಲಿನ ಅದುರು ಅಂಗೈಗೆ ಇಳಿದು, ದಾವಣಗೆರೆ ಸೇರುವಷ್ಟರಲ್ಲಿ ಬಲಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದಿರುತ್ತಿದ್ದವು. ಅಮ್ಮಿ ಕೈ ಹಿಡಿದುಕೊಂಡರೆ ಅವರ ಬೆರಳುಗಳ ಸ್ಪರ್ಶ ತಿಳಿಯಲು ಐದು ನಿಮಿಷ ಬೇಕಾಗುತ್ತಿತ್ತು. "ಯಾಕೋ ಇಷ್ಟು ತಣ್ಣಗಿದೆ?" ಎಂದು ಅವರೇ ನಮ್ಮ ಕೈ ತಿಕ್ಕುತ್ತಿದ್ದರು. ನೋಡಿಕೊಳ್ಳಲು ಹೋದವರು ಉಪಚಾರ ಮಾಡಿಸಿಕೊಳ್ಳುವ ಸ್ಥಿತಿ.

ಹೀಗೆಂದು ಉಸ್ತಾದರಲ್ಲಿ ಹೇಳಿಕೊಂಡೆವು. ಅಬ್ಬಾನ ಯೆಜ್ದಿಯ ಕಾಲದಿಂದಲೂ ನಮ್ಮ ಮನೆಯ ಗಾಡಿಗಳ ನಾಡಿ ಹಿಡಿದವರು ಅವರು. ಅರವತ್ತು ದಾಟಿದ್ದಾರೆ, ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದ್ದಾರೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ ಹೇಳಿದರು: "ಮಾಸ್ಟರ್ ಸಾಬ್, ಗಾಡಿಗೆ ರೋಗ ಇಲ್ಲ. ಇದನ್ನ ಮಾಡಿದ್ದೇ ಹೀಗೆ. ಇಬ್ಬರು ಕೂತು, ಮಧ್ಯೆ ಒಂದು ಮಗು, ಹ್ಯಾಂಡಲ್‌ಗೆ ಎರಡು ಚೀಲ. ಇಷ್ಟು ಹೊತ್ತು ದಿಬ್ಬ ಹತ್ತಬೇಕಲ್ಲ. ಅದಕ್ಕೆ ಗೇರು ಗಿಡ್ಡ ಇಟ್ಟಿರ್ತಾರೆ."

ಗಿಡ್ಡ ಗೇರು, ಉದ್ದ ಗೇರು ಎಂಬ ಮಾತು ನಮಗೆ ಹೊಸದು. ಅವರು ಬಿಡಿಸಿ ಹೇಳಿದ್ದನ್ನು ಮೇಷ್ಟರ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಮುಂದೆ 14, ಹಿಂದೆ 42 ಇದ್ದರೆ ಮುಂದಿನದು ಮೂರು ಸುತ್ತು ತಿರುಗಿದಾಗ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆ. ಮುಂದಿನದನ್ನು ತೆಗೆದು 15 ಹಲ್ಲಿನದನ್ನು ಹಾಕಿದರೆ ಮೂರರ ಬದಲು 2.8 ಸುತ್ತು ಸಾಕು. ಅಂದರೆ ಅದೇ ವೇಗಕ್ಕೆ ಎಂಜಿನ್ ಹದಿನೈದರಲ್ಲೊಂದು ಪಾಲು ಕಡಿಮೆ ದುಡಿಯುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದದ್ದು 5,600ಕ್ಕೆ ಇಳಿಯುತ್ತದೆ. ಒಂದು ಗಂಟೆಯ ದಾರಿಯಲ್ಲಿ 24,000 ಸುತ್ತು ಉಳಿತಾಯ! ಈ ಲೆಕ್ಕವನ್ನು ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ನಾವು ಹಿಗ್ಗಿದೆವು.

ಉಸ್ತಾದರು ಹಿಗ್ಗಲಿಲ್ಲ. "ಈ ಜೇಬಿಂದ ತೆಗೆದು ಆ ಜೇಬಿಗೆ ಹಾಕಿದ ಹಾಗೆ ಇದು. ಎಳೆಯೋ ತಾಕತ್ತೂ ಅಷ್ಟೇ ಕಡಿಮೆ ಆಗ್ತದೆ. ರೋಡಲ್ಲಿ ಸುಖ, ದಿಬ್ಬದಲ್ಲಿ ಕಷ್ಟ" ಎಂದರು. ಆಮೇಲೆ ಕೇಳಿದರು: "ಗಾಡಿ ಓಡಿಸೋರು ಯಾರು?"

"ನಾವೇ" ಎಂದೆವು.

ಇಲ್ಲಿ ಒಂದು ಮಾತು ಹೇಳಬೇಕು. ಏಳನೇ ತರಗತಿಯವರೆಗೆ ಅಬ್ಬಾನ ಉರ್ದು ಶಾಲೆಯಲ್ಲೇ ಕಲಿತು ಆಮೇಲೆ ಕನ್ನಡ ಮಾಧ್ಯಮಕ್ಕೆ ಬಂದವರು ನಾವು. ಅಬ್ಬಾಗೆ 'ಮೈ' ಎನ್ನುವುದು ಸೇರುತ್ತಿರಲಿಲ್ಲ. ಅದರಲ್ಲಿ ಅಹಂಕಾರವಿದೆ, ಒಬ್ಬನೇ ಇದ್ದರೂ 'ಹಮ್' ಎನ್ನಬೇಕು ಎಂದು ಕಲಿಸಿದ್ದರು. ಆ 'ಹಮ್' ಕನ್ನಡಕ್ಕೆ ಬಂದು 'ನಾವು' ಆಗಿ ನಾಲಿಗೆಯಲ್ಲಿ ಕೂತುಬಿಟ್ಟಿದೆ. ತರಗತಿಯಲ್ಲಿ ಮಕ್ಕಳು ಬೆನ್ನ ಹಿಂದೆ ನಗುತ್ತಾರೆ, ಕಥೆಗಳನ್ನು ಓದಿದ ಸ್ನೇಹಿತರು ಎದುರಿಗೇ ನಗುತ್ತಾರೆ. ಅಂದು ಉಸ್ತಾದರ ಪ್ರಶ್ನೆಗೆ ಉತ್ತರಿಸುವಾಗ ನಮ್ಮ ಮನಸ್ಸಿನಲ್ಲಿದ್ದದ್ದು ಹೆದ್ದಾರಿ, ಜೋಮು ಹಿಡಿದ ಬೆರಳು, ಅಮ್ಮಿ. ಅವರಿಗೆ ಕೇಳಿಸಿದ್ದು ಅಣ್ಣ ತಮ್ಮ ಇಬ್ಬರೂ ಕೂಡಿ ಮಾಡಿದ ತೀರ್ಮಾನ.

ಕೆಲಸ ಒಂದು ಗಂಟೆಯದೂ ಅಲ್ಲ. ಕಾಲಿನ ಗೇರ್ ಲಿವರ್ ಕಳಚಿ, ಎಡಗಡೆಯ ಮುಚ್ಚಳ ತೆಗೆದರೆ ಎಣ್ಣೆ ಮಣ್ಣು ಮೆತ್ತಿಕೊಂಡ ಸ್ಪ್ರಾಕೆಟ್ ಕಾಣುತ್ತದೆ. ಎರಡು ಸಣ್ಣ ಬೋಲ್ಟು ಬಿಚ್ಚಿದರೆ ಹಿಡಿದಿಟ್ಟ ತಗಡು ತಿರುಗಿ ಹೊರಬರುತ್ತದೆ. 15 ಹಲ್ಲಿನದು ಮುಚ್ಚಳದೊಳಗೆ ಉಜ್ಜದೆ ತಿರುಗುತ್ತದೆಯೇ ಎಂದು ಉಸ್ತಾದರು ಮೊದಲು ಕೈಯಲ್ಲೇ ಸುತ್ತಿಸಿ ನೋಡಿದರು. ಉಗುರು ತೂರುವಷ್ಟು ಜಾಗವಿತ್ತು. ಹಳೆಯ ಚೈನಿಗೆ ಹೊಸ ಹಲ್ಲು ಕೂಡಿಸಬಾರದು, ಒಂದು ಸವೆದದ್ದು ಇನ್ನೊಂದನ್ನೂ ಸವೆಸುತ್ತದೆ ಎಂದು ಹೇಳಿ ಚೈನು, ಹಿಂದಿನ ಸ್ಪ್ರಾಕೆಟ್ ಎರಡನ್ನೂ ಹೊಸದು ಹಾಕಿಸಿದರು. ಹೆಚ್ಚಾದ ಒಂದು ಹಲ್ಲು ಚೈನಿನಲ್ಲಿ ಅರ್ಧ ಕೊಂಡಿಯಷ್ಟು ಉದ್ದ ತಿನ್ನುತ್ತದೆ. ಅದಕ್ಕಾಗಿ ಹಿಂದಿನ ಚಕ್ರವನ್ನು ಮೂರು ಮಿಲಿಮೀಟರಿನಷ್ಟು ಮುಂದಕ್ಕೆ ತಂದರು. ಚೈನಿನ ನಡುವೆ ಬೆರಳಿಟ್ಟು ಎತ್ತಿದರೆ ಒಂದು ಅಂಗುಲ ಆಡಬೇಕು. ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು, ತಿರುಗುಮುರುಗಾದರೆ ದಾರಿಯಲ್ಲಿ ಕಳಚಿ ಬೀಳಬಹುದು. ಇದನ್ನು ತಮ್ಮ ಹುಡುಗನಿಗೆ ಹೇಳಿಕೊಡುವಂತೆ ನಮಗೂ ಎರಡು ಸಲ ಹೇಳಿದರು. ಕಳಚಿದ 14ರ ಸ್ಪ್ರಾಕೆಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಕಾಗದದಲ್ಲಿ ಸುತ್ತಿ ಕೈಗಿಟ್ಟರು. "ಇಟ್ಕೊಂಡಿರಿ. ಬೇಕಾದೀತು."

ಆ ಶನಿವಾರದ ಪ್ರಯಾಣವನ್ನು ಮರೆಯಲಾರೆವು. ಊರು ದಾಟಿ ಹೆದ್ದಾರಿ ಹಿಡಿದು ಅರವತ್ತಕ್ಕೆ ಬಂದಾಗ ಎಂಜಿನ್ನಿನ ದನಿ ಒಂದು ಸ್ವರ ಕೆಳಗಿಳಿದಿತ್ತು. ಕಿರುಚಾಟ ಹೋಗಿ ಗೊಣಗಾಟವಾಗಿತ್ತು. ನಮ್ಮ ಗಾಡಿಯಲ್ಲಿ ಸ್ಪೀಡೋಮೀಟರಿನ ತಂತಿ ಮುಂದಿನ ಚಕ್ರದಿಂದ ಬರುವುದರಿಂದ ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ. (ಗೇರ್‌ಬಾಕ್ಸಿನಿಂದ ವೇಗ ಅಳೆಯುವ ಗಾಡಿಗಳಲ್ಲಿ ಹಲ್ಲು ಬದಲಿಸಿದರೆ ಮೀಟರು ದಾರಿ ತಪ್ಪುತ್ತದೆಯಂತೆ.) ಭರಮಸಾಗರ ಬಂದದ್ದೇ ತಿಳಿಯಲಿಲ್ಲ. ಆಪಾನ ಮನೆ ಮುಟ್ಟಿ ಅಮ್ಮಿಯ ಕೈ ಹಿಡಿದಾಗ ಅವರ ಬಳೆಯ ತಣ್ಣನೆಯ ಅಂಚು ಆ ಕ್ಷಣವೇ ಬೆರಳಿಗೆ ತಾಗಿತು. ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದರೆ ಲೀಟರಿಗೆ 58 ಕೊಡುತ್ತಿದ್ದ ಗಾಡಿ 61 ಕೊಟ್ಟಿತ್ತು. ಒಂದೇ ಒಂದು ಹಲ್ಲಿನಿಂದ ಇಷ್ಟೊಂದು ಸುಖವೇ ಎಂದು ಸ್ಟಾಫ್ ರೂಮಿನಲ್ಲಿ ಕಂಡಕಂಡವರಿಗೆಲ್ಲ ಉಪನ್ಯಾಸ ಕೊಟ್ಟೆವು.

ಆಷಾಢ ಬಂತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಪಡುವಣ ಕಡೆಯಿಂದ ಬೀಸುವ ಆ ಗಾಳಿಗೆ ಹೆದ್ದಾರಿಯಲ್ಲಿ ತಡೆ ಎಂಬುದಿಲ್ಲ. ದಾವಣಗೆರೆಯತ್ತ ಹೋಗುವಾಗ ಅದು ಎದೆಗೂ ಎಡಭುಜಕ್ಕೂ ನಡುವೆ ಬಂದು ಹೊಡೆಯುತ್ತದೆ. ಟಾಪ್ ಗೇರಿನಲ್ಲಿ ಗಾಡಿ ಐವತ್ತೈದರ ಮೇಲೆ ಏಳಲಿಲ್ಲ. ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಬರಿಯ ಉಸಿರಾಟ. ಮೂರಕ್ಕೆ ಇಳಿಸಿದರೆ ಹಳೆಯ ಕಿರುಚಾಟಕ್ಕಿಂತ ದೊಡ್ಡ ಕಿರುಚಾಟ. ಗೋಡೆಯ ಮೇಲೆ ಬರೆದ ನಮ್ಮ ಲೆಕ್ಕದಲ್ಲಿ ಗಾಳಿ ಇರಲೇ ಇಲ್ಲ! ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಅರವತ್ತರಿಂದ ಎಪ್ಪತ್ತೆರಡಕ್ಕೆ ಹೋಗುವುದೆಂದರೆ ಗಾಳಿಗೆ ಕೊಡಬೇಕಾದ ಶಕ್ತಿ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು. ಇತ್ತ ಸಣ್ಣ ಎಂಜಿನ್ನು ತನ್ನ ಶಕ್ತಿಯನ್ನೆಲ್ಲ ಕೊಡುವುದು ಜೋರಾಗಿ ತಿರುಗಿದಾಗಲೇ. ನಾವು ಅದನ್ನು ನಿಧಾನಕ್ಕೆ ತಿರುಗುವಂತೆ ಮಾಡಿ, ಕೆಲಸ ಮಾತ್ರ ಅಷ್ಟೇ ಕೇಳುತ್ತಿದ್ದೆವು. ಉದ್ದ ಗೇರು ಹಾಕಿದರೆ ಗಾಡಿಯ ವೇಗ ಹೆಚ್ಚುತ್ತದೆಂದು ನಂಬಿದ ಹುಡುಗರು ಬಹಳ ಮಂದಿ ಇದ್ದಾರೆ. ಸಣ್ಣ ಗಾಡಿಯಲ್ಲಿ ಅದು ಕಡಿಮೆಯಾಗುವುದೇ ಹೆಚ್ಚು. ಆ ತಿಂಗಳು ಲೀಟರಿಗೆ 54 ಬಂತು. ಸ್ಟಾಫ್ ರೂಮಿನಲ್ಲಿ ನಾವು ಈ ಅಂಕಿಯನ್ನು ಯಾರಿಗೂ ಹೇಳಲಿಲ್ಲ.

ಗಾಳಿಯ ಕಾಟ ನಮಗೆ, ವಾರಕ್ಕೆ ಒಂದು ದಿನ. ಊರೊಳಗೆ ವಾರವಿಡೀ ಏನಾಗುತ್ತಿತ್ತೆಂಬುದು ಆಗಸ್ಟಿನವರೆಗೆ ನಮಗೆ ಗೊತ್ತೇ ಇರಲಿಲ್ಲ.

ಒಂದು ರಾತ್ರಿ ಇಶಾ ಮುಗಿಸಿ ಬಂದಾಗ ತಮ್ಮ ಮೆಟ್ಟಿಲ ಮೇಲೆ ಕುಳಿತಿದ್ದ. ಎದುರಿಗೆ ಎರಡು ಟ್ರೇ ಒಡೆದ ಮೊಟ್ಟೆ. ಕೋಟೆಯ ಕಡೆಯ ಏರಿನಲ್ಲಿ ಅಡ್ಡ ಬಂದ ಮಗುವೊಂದಕ್ಕಾಗಿ ನಿಲ್ಲಿಸಿ, ಮತ್ತೆ ಎತ್ತುವಾಗ ಗಾಡಿ ಏಳದೆ ಹಿಂದಕ್ಕೆ ಜಾರಿ, ಕಟ್ಟಿದ ಹಗ್ಗ ಸಡಿಲಿತ್ತು. ಮಗುವಿಗೂ ಅವನಿಗೂ ಏನೂ ಆಗಿರಲಿಲ್ಲ.

"ಭಾಯ್, ಗಾಡೀಕು ಕ್ಯಾ ಹುವಾ?" ಎಂದ. ಗಾಡಿಗೆ ಏನಾಗಿದೆ ಎಂಬ ಪ್ರಶ್ನೆಯ ಹಿಂದೆ ನಾಲ್ಕು ತಿಂಗಳು ಇದ್ದವು. ಮೊದಲನೇ ಗೇರಿನಲ್ಲಿ ಎತ್ತುವಾಗ ಗಾಡಿ ಭಾರವಾಗಿದೆ ಎಂದು ಅವನಿಗೆ ಅನ್ನಿಸಿತ್ತು. ಅರ್ಧ ಕ್ಲಚ್ ಹಿಡಿದೇ ದಿಬ್ಬ ಹತ್ತಿಸುತ್ತಿದ್ದ. ಹಾಗೆ ಎಳೆದೆಳೆದು ಕ್ಲಚ್ ಪ್ಲೇಟು ಸುಟ್ಟು, ಎಂಜಿನ್ ಕೂಗಿದರೂ ಚಕ್ರ ತಿರುಗದ ಸ್ಥಿತಿಗೆ ಬಂದಿತ್ತು. ಹದಿನೇಳು ವರ್ಷದ ಗಾಡಿಗೆ ವಯಸ್ಸಾಯಿತು, ಇನ್ನು ಸಾಲ ಮಾಡಿ ಬೇರೆ ಕೊಳ್ಳಬೇಕು ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದನಂತೆ. ನಮಗೆ ಹೇಳಿರಲಿಲ್ಲ. ಅಮ್ಮಿಯ ಆಪರೇಷನ್ನಿನ ಖರ್ಚು ನಾವು ಹೊತ್ತಿದ್ದೆವಲ್ಲ, ಅದರ ಮೇಲೆ ಇದೊಂದು ಯಾಕೆ ಎಂದು ಸುಮ್ಮನಿದ್ದ.

ಹಲ್ಲು ಬದಲಿಸಿದ ಸಂಗತಿಯನ್ನು ಆಗ ಹೇಳಿದೆವು. ಊರಿಗೆಲ್ಲ ಹೇಳಿದ್ದೆವು, ಅವನಿಗೆ ಹೇಳಿರಲಿಲ್ಲ. ಮರೆತಿದ್ದೆವೆಂದು ಹೇಳಿದರೆ ಪೂರ್ತಿ ನಿಜವಾಗದು. ಅವನ ಅಪ್ಪಣೆ ಬೇಕೆಂದೇ ನಮಗೆ ಹೊಳೆದಿರಲಿಲ್ಲ. ಆರ್.ಸಿ. ನಮ್ಮ ಹೆಸರಿನಲ್ಲಿತ್ತು, ನಾವು ಹಿರಿಯರು, ಹೋಗುತ್ತಿದ್ದದ್ದು ಅಮ್ಮಿಯನ್ನು ನೋಡಲು.

"ಉಸ್ತಾದರು ಕೇಳಲಿಲ್ಲವಾ, ಗಾಡಿ ಯಾರು ಓಡಿಸ್ತಾರೆ ಅಂತ?"

"ಕೇಳಿದರು. ನಾವೇ ಅಂದೆವು."

ಅವನು ಸ್ವಲ್ಪ ಹೊತ್ತು ಒಡೆದ ಮೊಟ್ಟೆಗಳನ್ನು ನೋಡುತ್ತ ಕುಳಿತ. ಆಮೇಲೆ ದನಿ ಎತ್ತದೆ ಕೇಳಿದ: "ಆ 'ನಾವು'ನಲ್ಲಿ ನಾನಿದ್ದೆನಾ ಭಾಯ್?"

ನಮ್ಮ ಬಳಿ ಉತ್ತರವಿರಲಿಲ್ಲ. ಅವನ ಹೆಂಡತಿ ಒಳಗಿನಿಂದ ಪಾತ್ರೆ ತಂದು, ಬಳಸಬಹುದಾದಷ್ಟನ್ನು ಬಳಿದುಕೊಂಡು ಹೋದಳು. ಅಂದು ರಾತ್ರಿ ಮನೆಯವರೆಲ್ಲ ಮೊಟ್ಟೆಯನ್ನೇ ಉಂಡೆವು. ಹದಿನೈದರಲ್ಲೊಂದು ಪಾಲು ಎಂಬ ಲೆಕ್ಕ ಆಗ ಬೇರೆ ತರಹ ಕಂಡಿತು. ಗಾಡಿ, ಸವಾರ, ಮೊಟ್ಟೆ ಎಲ್ಲ ಸೇರಿ ಇನ್ನೂರು ಕಿಲೋ ಹೊತ್ತು ದಿಬ್ಬ ಏರುವ ಎಂಜಿನ್ನಿಗೆ, ಇನ್ನು ಹದಿನಾಲ್ಕು ಕಿಲೋ ಹೇರಿದಂತೆ. ಏಳೆಂಟು ಟ್ರೇ ಮೊಟ್ಟೆಯ ಭಾರ. ಹೈದರಾಲಿಯಂಥ ಹೈದರಾಲಿಗೇ 1779ರವರೆಗೆ ಬಗ್ಗದ ದಿಬ್ಬವದು. ದಿನಕ್ಕೆ ಹತ್ತಾರು ಸಲ ಅದನ್ನು ಅವನು ಏರಿ ಇಳಿದಿದ್ದ.

ಮರುದಿನ ಇಬ್ಬರೂ ಉಸ್ತಾದರ ಬಳಿ ಹೋದೆವು. ಅವರಿಗೆ ನಮ್ಮ ಮುಖ ನೋಡಿಯೇ ಅರ್ಥವಾಯಿತು. ಕ್ಲಚ್ ಪ್ಲೇಟು ಹೊಸದು ಬಿತ್ತು, ಹಣ ನಾವು ಕೊಟ್ಟೆವು. ಹಳೆಯ 14ರ ಸ್ಪ್ರಾಕೆಟ್ಟು ಸವೆದಿದ್ದರಿಂದ 14ರದೇ ಇನ್ನೊಂದು ಹೊಸದು ತಂದೆವು. ಶನಿವಾರ ಬೆಳಿಗ್ಗೆ 15 ಹಾಕುವುದು, ಭಾನುವಾರ ರಾತ್ರಿ 14 ಹಾಕುವುದು ಎಂಬ ಏರ್ಪಾಟು ಎರಡು ವಾರ ನಡೆಯಿತು. ಎರಡನೇ ಭಾನುವಾರ ರಾತ್ರಿ ಟಾರ್ಚ್ ಬೆಳಕಿನಲ್ಲಿ ಒಂದು ಬೋಲ್ಟು ಚರಂಡಿಗೆ ಬಿದ್ದು ಮಾಯವಾಯಿತು. ಏರ್ಪಾಟೂ ಅಲ್ಲಿಗೆ ಮುಗಿಯಿತು.

ಉಸ್ತಾದರು ಬೇರೆ ದಾರಿ ಹೇಳಿದರು. ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲುಗಳಿಗೆ ಹತ್ತಿರಹತ್ತಿರ ಸಮ. ಮುಂದೆ ಮುಟ್ಟಿದರೆ ದೊಡ್ಡ ಹೆಜ್ಜೆ, ಹಿಂದೆ ಮುಟ್ಟಿದರೆ ಸಣ್ಣ ಹೆಜ್ಜೆ. ಮುಂದೆ 14 ಇರಲಿ, ಹಿಂದೆ 42ರ ಬದಲು 41 ಹಾಕಿ ನೋಡೋಣ ಎಂದರು. ಆಗ ಮೂರರ ಬದಲು 2.93. ಹೆದ್ದಾರಿಯಲ್ಲಿ ಸಿಗುವುದೂ ಅಷ್ಟೇ ಸ್ವಲ್ಪ, ದಿಬ್ಬದಲ್ಲಿ ಹೋಗುವುದೂ ಅಷ್ಟೇ ಸ್ವಲ್ಪ. ಈ ಸಲ ಅವರು ಕೇಳಿದ್ದು ನಮ್ಮನ್ನಲ್ಲ, ತಮ್ಮನನ್ನು. ಅವನು ಪೂರ್ತಿ ಲೋಡು ಕಟ್ಟಿಕೊಂಡು ಮೂರು ದಿನ ಓಡಿಸಿದ. ಬೇಕೆಂದೇ ಏರಿನ ನಡುವೆ ನಿಲ್ಲಿಸಿ ಎತ್ತಿದ. ನಾಲ್ಕನೇ ದಿನ ಬಂದು, "ನಡೀತದೆ" ಎಂದ.

ನಮ್ಮ ಬೆರಳಿನ ಜೋಮಿಗೆ ಬೇರೆ ಮದ್ದು ಹುಡುಕಿಕೊಂಡೆವು. ಹ್ಯಾಂಡಲ್ಲಿಗೆ ದಪ್ಪನೆಯ ರಬ್ಬರಿನ ಹಿಡಿ, ಅರವತ್ತೈದರ ಬದಲು ಐವತ್ತೆಂಟು, ಭರಮಸಾಗರದಲ್ಲಿ ಹತ್ತು ನಿಮಿಷ ಚಹಾ. ಒಟ್ಟು ತಡವಾಗುವುದು ಕಾಲು ಗಂಟೆ. ಅಮ್ಮಿಗೆ ಆ ಕಾಲು ಗಂಟೆಯ ವ್ಯತ್ಯಾಸ ತಿಳಿಯುತ್ತಲೂ ಇರಲಿಲ್ಲ. ಅವರು ಕೇಳುತ್ತಿದ್ದದ್ದು ಬೇರೆಯೇ: "ಚಿಕ್ಕವನು ಯಾಕೆ ಬರಲಿಲ್ಲ?"

ಚಿಕ್ಕವನು ಬರದೇ ಇದ್ದದ್ದಕ್ಕೆ ವ್ಯಾಪಾರ ಒಂದು ಕಾರಣ. ಇನ್ನೊಂದನ್ನು ಅವನು ಆಮೇಲೆ ಹೇಳಿದ. ಜೂನ್‌ನಲ್ಲೊಮ್ಮೆ ಹಿಂದೆ ಕೂತು ಬರುತ್ತೇನೆಂದು ಅವನು ಕೇಳಿದಾಗ, ಇಬ್ಬರಾದರೆ ಗಾಳಿಗೆ ಗಾಡಿ ಎಳೆಯುವುದಿಲ್ಲವೆಂದು ನಾವೇ ಬೇಡ ಅಂದಿದ್ದೆವಂತೆ. ನಮಗೆ ನೆನಪಿರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಅವನು ಬೆಳಗಿನ ಮೊಟ್ಟೆ ಹಂಚಿ ಮುಗಿಸಿ, ಹಿಂದಿನ ಸೀಟಿನ ಹಲಗೆ ಬಿಚ್ಚಿಟ್ಟು, ಚೈನಿಗೆ ಎಣ್ಣೆ ಹಾಕಿ ಶಾಲೆಯ ಗೇಟಿಗೆ ಬಂದ. ಗಾಳಿ ಅಷ್ಟರಲ್ಲಿ ತಗ್ಗಿತ್ತು. ಭರಮಸಾಗರದವರೆಗೆ ನಾವು ಓಡಿಸಿದೆವು. ಚಹಾ ಕುಡಿದು ಎದ್ದಾಗ ಅವನು ಕೀಲಿಗಾಗಿ ಕೈ ಚಾಚಿದ. ಕೊಟ್ಟು ಹಿಂದೆ ಕೂತೆವು. ಎಷ್ಟರಲ್ಲಿ ಹೋಗುತ್ತಿದ್ದೇವೆಂದು ಅವನ ಭುಜದ ಮೇಲಿಂದ ಇಣುಕಿ ನೋಡಿದೆವು. ಐವತ್ತು. ಲಾರಿಯೊಂದು ಹಾರ್ನು ಹೊಡೆದು ಮುಂದೆ ಹೋಯಿತು. ಅವನು ಎಡಕ್ಕೆ ಸರಿದು ದಾರಿ ಬಿಟ್ಟ.